ಯಾರು ನೋಡುತ್ತಾರೆ, ಯಾರನ್ನು ನಂಬುತ್ತಾರೆ: ಭಯಾನಕ ಚಿತ್ರದ ರೂಢಿಗಳನ್ನೂ ಅದರ ಹೆಣ್ಣುಗಳನ್ನೂ ವಿಶ್ಲೇಷಿಸುವ ಬಗೆ

ಭಯಾನಕ ಚಿತ್ರಗಳಲ್ಲಿ ಹೆಣ್ಣನ್ನು ಹೇಗೆ ತೋರಿಸಲಾಗಿದೆ ಎಂಬ ವಿಷಯದ ಮೇಲೆ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲು ಕೇಳಿಕೊಳ್ಳುವುದು, ಈ ಚಿತ್ರದ ನಾಯಕಿ ಗಟ್ಟಿಗಿತ್ತಿಯೋ ಅಬಲೆಯೋ ಎಂದು. ಆ ಪ್ರಶ್ನೆಯಿಂದ ಹೊರಟ ಬರಹ ಎರಡನೆಯ ಪುಟದ ಹೊತ್ತಿಗೆ ಸೊರಗುತ್ತದೆ. ಕೊನೆಯ ಹತ್ತು ನಿಮಿಷ ಕೊಡಲಿ ಹಿಡಿದು ಹೋರಾಡಿದವಳನ್ನು ಗಟ್ಟಿಗಿತ್ತಿ ಎಂದು ಕರೆದುಬಿಟ್ಟರೆ, ಅದಕ್ಕೂ ಮುಂಚಿನ ಎಂಬತ್ತು ನಿಮಿಷ ಕ್ಯಾಮೆರಾ ಅವಳನ್ನು ಕಿಟಕಿಯ ಹೊರಗಿನಿಂದ ಕದ್ದು ನೋಡುತ್ತಿದ್ದುದು ಲೆಕ್ಕಕ್ಕೇ ಬರುವುದಿಲ್ಲ. ಕಿರುಚುತ್ತಾ ಓಡಿದವಳನ್ನು ಅಬಲೆ ಎಂದು ಬದಿಗಿಟ್ಟರೆ, ಇಡೀ ಚಿತ್ರದಲ್ಲಿ ಅಪಾಯವನ್ನು ಮೊದಲು ಗುರುತಿಸಿದವಳು ಅವಳೇ ಎಂಬ ಸಂಗತಿ ಕೈತಪ್ಪಿಹೋಗುತ್ತದೆ. ಹಾಗಾಗಿ ಈ ಮಾರ್ಗದರ್ಶಿ ಬೇರೆ ಮೂರು ಪ್ರಶ್ನೆಗಳನ್ನು ಹಿಡಿದು ಸಾಗುತ್ತದೆ: ಚಿತ್ರದಲ್ಲಿ ಯಾರು ನೋಡುತ್ತಾರೆ, ಯಾರಿಗೆ ಮೊದಲು ತಿಳಿಯುತ್ತದೆ, ತಿಳಿದವರ ಮಾತನ್ನು ಯಾರು ನಂಬುತ್ತಾರೆ. ಈ ಮೂರಕ್ಕೂ ಉತ್ತರ ಪರದೆಯ ಮೇಲೆಯೇ ಇರುತ್ತದೆ ಮತ್ತು ಅದನ್ನು ನಿಮಿಷ, ಸೆಕೆಂಡುಗಳಲ್ಲಿ ಅಳೆಯಬಹುದು. ಉದಾಹರಣೆಗಳನ್ನು ಕೊಡುವಾಗ ಕೆಲವು ಹಳೆಯ ಚಿತ್ರಗಳ ಕಥೆ ಬಯಲಾಗುವುದು ಅನಿವಾರ್ಯ.

ಚಿತ್ರದ ಆಯ್ಕೆ

ಒಂದು ಬರಹಕ್ಕೆ ಒಂದು ಚಿತ್ರ ಸಾಕು. ಇಪ್ಪತ್ತು ಚಿತ್ರಗಳ ಹೆಸರನ್ನು ಪೋಣಿಸಿದರೆ ಸಿಗುವುದು ಪಟ್ಟಿಯೇ ಹೊರತು ವಿಶ್ಲೇಷಣೆಯಲ್ಲ. ಹೋಲಿಕೆ ಬೇಕೆನಿಸಿದರೆ ಒಂದೇ ಕಥೆಯ ಮೂಲವನ್ನೂ ಮರುನಿರ್ಮಾಣವನ್ನೂ ಜೊತೆಗಿಟ್ಟುಕೊಳ್ಳಿ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದಲ್ಲಿ ಆಘಾತದಿಂದ ಹೆಚ್ಚುಕಡಿಮೆ ಮಾತೇ ಕಳೆದುಕೊಂಡು ಕುಳಿತುಬಿಡುವ ಬಾರ್ಬ್ರಾ, 1990ರ ಮರುನಿರ್ಮಾಣದಲ್ಲಿ ಬಂದೂಕು ಹಿಡಿದು ಬದುಕುಳಿಯುತ್ತಾಳೆ. ಕಥೆಯ ಎಲುಬು ಅದೇ ಇದ್ದು ಹೆಣ್ಣಿನ ಪಾತ್ರ ಮಾತ್ರ ಹೀಗೆ ಬದಲಾದಾಗ, ನಡುವಿನ ಇಪ್ಪತ್ತೆರಡು ವರ್ಷಗಳಲ್ಲಿ ಪ್ರೇಕ್ಷಕರ ನಿರೀಕ್ಷೆ ಎಷ್ಟು ದೂರ ಸರಿದಿತ್ತು ಎಂಬುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಾತು. ನಿಮ್ಮನ್ನು ನಿಜವಾಗಿ ಹೆದರಿಸಿದ ಚಿತ್ರವನ್ನೇ ಆರಿಸಿಕೊಳ್ಳಿ. ಹೆದರಿಸದ ಚಿತ್ರದ ಬಗ್ಗೆ ಬರೆಯುವಾಗ ಅದರ ತಪ್ಪುಗಳನ್ನು ಎಣಿಸುವುದು ಸುಲಭವಾಗಿಬಿಡುತ್ತದೆ. ಹೆದರಿಸಿದ ಚಿತ್ರವಾದರೆ, ಅದು ನಮ್ಮಿಂದ ಏನನ್ನು ಒಪ್ಪಿಸಿಕೊಂಡಿತು ಎಂಬುದಕ್ಕೆ ನಾವೂ ಉತ್ತರ ಹೇಳಬೇಕಾಗುತ್ತದೆ.

ರೂಢಿ ಎಂದರೆ ಯಾವುದು

ಪ್ರಕಾರದ, ಅಂದರೆ ಒಂದು ಬಗೆಯ ಚಿತ್ರಗಳ, ರೂಢಿಗಳು ಎಂದಾಗ ಕತ್ತಲ ಮನೆ, ಮುಖವಾಡ, ಕೆಟ್ಟುಹೋದ ಫೋನು, ಸ್ಟಾರ್ಟ್ ಆಗದ ಕಾರು ಮುಂತಾದ ವಸ್ತುಗಳು ತಟ್ಟನೆ ನೆನಪಾಗುತ್ತವೆ. ಚಿತ್ರ ವಿದ್ವಾಂಸ ರಿಕ್ ಆಲ್ಟ್‌ಮನ್ 1984ರ ಒಂದು ಪ್ರಬಂಧದಲ್ಲಿ, ಯಾವುದೇ ಪ್ರಕಾರವನ್ನು ಎರಡು ನೆಲೆಗಳಲ್ಲಿ ನೋಡಬೇಕೆಂದು ವಾದಿಸಿದರು. ಮೊದಲನೆಯದು ಸಾಮಗ್ರಿ, ಅಂದರೆ ಸ್ಥಳ, ವಸ್ತು, ಪಾತ್ರಗಳ ಮಾದರಿ. ಎರಡನೆಯದು ಆ ಸಾಮಗ್ರಿಯ ಜೋಡಣೆ, ಅಂದರೆ ಯಾವುದಕ್ಕೂ ಯಾವುದಕ್ಕೂ ಎಂಥ ಸಂಬಂಧ ಕಟ್ಟಲಾಗಿದೆ ಎಂಬುದು. ನಮ್ಮ ವಿಷಯಕ್ಕೆ ಈ ಭೇದ ಬಹಳ ಮುಖ್ಯ. ಹೆಣ್ಣೊಬ್ಬಳು ನೆಲಮಾಳಿಗೆಗೆ ಒಂಟಿಯಾಗಿ ಇಳಿಯುವುದು ಬರಿಯ ಸಾಮಗ್ರಿ. ಅವಳು ಇಳಿಯುವ ಮೊದಲು ಪ್ರೇಕ್ಷಕರಿಗೆ ಕೊಲೆಗಾರನನ್ನು ಅಲ್ಲಿ ತೋರಿಸಿಯಾಗಿದೆಯೋ ಇಲ್ಲವೋ ಎಂಬುದು ಜೋಡಣೆ. ಹೆಣ್ಣಿನ ಬಗೆಗಿನ ಧೋರಣೆ ಹೆಚ್ಚಾಗಿ ಈ ಎರಡನೆಯದರಲ್ಲಿ ಅಡಗಿರುತ್ತದೆ, ಆದ್ದರಿಂದ ವಸ್ತುಗಳ ಪಟ್ಟಿ ಮಾಡಿ ನಿಲ್ಲಿಸಬಾರದು.

ರೂಢಿಯನ್ನು ಗುರುತಿಸಲು ನಾನು ಬಳಸುವ ಪರೀಕ್ಷೆ ಹೀಗಿದೆ: ಆ ಅಂಶವನ್ನು ಚಿತ್ರದಿಂದ ಕಿತ್ತರೆ, ಈ ಪ್ರಕಾರವನ್ನು ಬಲ್ಲ ಪ್ರೇಕ್ಷಕರಿಗೆ ಏನೋ ಕಡಿಮೆಯಾಯಿತು ಎನ್ನಿಸುತ್ತದೆಯೇ? ಎನ್ನಿಸಿದರೆ ಅದು ರೂಢಿ. ಎನ್ನಿಸದಿದ್ದರೆ ಅದು ಆ ಒಂದು ಚಿತ್ರದ ವಿವರ ಮಾತ್ರ.

ಮೊದಲ ಸಲ ಸುಮ್ಮನೆ ನೋಡಿ

ಮೊದಲ ವೀಕ್ಷಣೆಯಲ್ಲಿ ಕೈಯಲ್ಲಿ ಪೆನ್ನು ಬೇಡ. ಚಿತ್ರ ಮುಗಿದ ಕೂಡಲೇ, ಯಾರೊಂದಿಗೂ ಮಾತಾಡುವ ಮೊದಲು, ಎಲ್ಲಿ ಹೆದರಿದಿರಿ, ಆ ಕ್ಷಣದಲ್ಲಿ ಯಾರಿಗಾಗಿ ಹೆದರಿದಿರಿ, ಎಲ್ಲಿ ಒಬ್ಬರ ಸಾವನ್ನು ಕಾತರದಿಂದ ಕಾದಿರಿ ಎಂಬುದನ್ನು ಬರೆದಿಡಿ. ಈ ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಲು ಮುಜುಗರವಾಗುತ್ತದೆ. ಆದರೆ ಆ ಮುಜುಗರ ಎಲ್ಲಿಂದ ಹುಟ್ಟಿತು ಎಂದು ಹುಡುಕಿ ಹೊರಟವರಿಗೆ ಒಳ್ಳೆಯ ಬರಹದ ಮೊದಲ ವಾಕ್ಯ ಸಿಕ್ಕಿರುವುದನ್ನು ನಾನು ಕಂಡಿದ್ದೇನೆ.

ಎರಡನೆಯ ಸಲ: ನೋಟದ ದಾಖಲೆ

ಈಗ ಕಾಗದದ ಮೇಲೆ ಐದು ಕಲಂ ಎಳೆಯಿರಿ: ಸಮಯ, ನೋಡುತ್ತಿರುವವರು, ನೋಡಲ್ಪಡುತ್ತಿರುವವರು, ಕ್ಯಾಮೆರಾದ ದೂರ, ನೋಡಲ್ಪಡುತ್ತಿರುವವರಿಗೆ ಅದು ತಿಳಿದಿದೆಯೇ ಇಲ್ಲವೇ. ಇಡೀ ಚಿತ್ರಕ್ಕೆ ಇದನ್ನು ಮಾಡಲು ಹೋಗಬೇಡಿ. ಆರಂಭದ ದೃಶ್ಯ, ಮೊದಲ ಸಾವು ಮತ್ತು ಕೊನೆಯ ಹೋರಾಟ ಸಾಕು. ಶಾಟ್, ಅಂದರೆ ಕತ್ತರಿ ಬೀಳದೆ ಸಾಗುವ ಒಂದು ತುಣುಕು, ಬದಲಾದಾಗಲೆಲ್ಲ ಚಿತ್ರವನ್ನು ನಿಲ್ಲಿಸಿ ಒಂದು ಸಾಲು ತುಂಬಿ. ಐದು ನಿಮಿಷದ ದೃಶ್ಯಕ್ಕೆ ಒಂದು ಗಂಟೆ ಹಿಡಿದರೂ ಅವಸರ ಮಾಡಬೇಡಿ.

ಈ ದಾಖಲೆಯ ಹಿಂದಿರುವ ಚಿಂತನೆಗೆ ಒಂದು ಚರಿತ್ರೆಯಿದೆ. ಬ್ರಿಟನ್ನಿನ ಚಿತ್ರ ಚಿಂತಕಿ ಲಾರಾ ಮಲ್ವಿ 1975ರಲ್ಲಿ ‘ಸ್ಕ್ರೀನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಹಾಲಿವುಡ್ಡಿನ ಶಾಸ್ತ್ರೀಯ ಚಿತ್ರಗಳು ನೋಡುವ ಕೆಲಸವನ್ನು ಗಂಡಿಗೂ ನೋಡಿಸಿಕೊಳ್ಳುವ ಕೆಲಸವನ್ನು ಹೆಣ್ಣಿಗೂ ಹಂಚಿಕೊಟ್ಟಿವೆ ಎಂದು ತೋರಿಸಿದರು. ‘ಪುರುಷ ನೋಟ’ ಎಂಬ ಮಾತು ಬಳಕೆಗೆ ಬಂದದ್ದು ಅಲ್ಲಿಂದ. ಭಯಾನಕ ಚಿತ್ರದಲ್ಲಿ ಈ ಹಂಚಿಕೆ ಇನ್ನಷ್ಟು ಕ್ರೂರವಾಗುತ್ತದೆ, ಏಕೆಂದರೆ ಇಲ್ಲಿ ನೋಡುವವನ ಕೈಯಲ್ಲಿ ಆಯುಧವೂ ಇರುತ್ತದೆ. 1978ರ ‘ಹ್ಯಾಲೋವೀನ್’ ಚಿತ್ರದ ಆರಂಭವನ್ನೇ ದಾಖಲಿಸಿ ನೋಡಿ. ಸುಮಾರು ನಾಲ್ಕು ನಿಮಿಷ, ಎಲ್ಲಿಯೂ ಕತ್ತರಿ ಬೀಳದಂತೆ ತೋರುವ ಶಾಟ್‌ನಲ್ಲಿ, ನಾವು ಕೊಲೆಗಾರನ ಕಣ್ಣಿನಿಂದಲೇ ಮನೆಯನ್ನು ಸುತ್ತಿ, ಮುಖವಾಡ ಧರಿಸಿದ ಮೇಲೆ ಅದರ ಎರಡು ತೂತುಗಳ ಮೂಲಕ ಒಬ್ಬ ಹುಡುಗಿಯ ಕೊಲೆಯನ್ನು ಕಾಣುತ್ತೇವೆ. ಮುಖವಾಡ ಕಳಚಿದಾಗ ಅಲ್ಲಿ ನಿಂತಿರುವುದು ಅವಳ ಆರು ವರ್ಷದ ತಮ್ಮ. ಇಷ್ಟನ್ನು ಬರೆದುಕೊಂಡು, ಕೊಲೆಗಾರನ ಕಣ್ಣು ಕೊಟ್ಟ ಚಿತ್ರ ಕೊಲೆಗಾರನ ಪರ ಎಂದು ತೀರ್ಮಾನಿಸಿದರೆ ಎಡವುತ್ತೀರಿ. ಒಬ್ಬರ ಕಣ್ಣಿನಿಂದ ನೋಡಿದ ಮಾತ್ರಕ್ಕೆ ಅವರ ಮನಸ್ಸಿನೊಳಗೆ ಹೊಕ್ಕಂತಾಗುವುದಿಲ್ಲ. ಅಲ್ಲಿ ನಮಗೆ ಕೊಲೆಗಾರನ ಕಣ್ಣು ದೊರೆತರೂ ಅವನ ಬಗ್ಗೆ ಏನೂ ತಿಳಿದಿರುವುದಿಲ್ಲ. 1980ರ ‘ಫ್ರೈಡೇ ದಿ ಥರ್ಟೀನ್ತ್’ ಈ ಅಜ್ಞಾನವನ್ನೇ ಬಂಡವಾಳ ಮಾಡಿಕೊಂಡಿತು. ಚಿತ್ರ ಮತ್ತೆ ಮತ್ತೆ ಕೊಲೆಗಾರನ ಕಣ್ಣಿನಿಂದ ಹುಡುಗ ಹುಡುಗಿಯರನ್ನು ಹಿಂಬಾಲಿಸುವಾಗ ಪ್ರೇಕ್ಷಕರು ಅದನ್ನು ಗಂಡಿನ ಕಣ್ಣೆಂದು ತಾವಾಗಿಯೇ ಊಹಿಸಿಕೊಳ್ಳುತ್ತಾರೆ. ಕೊನೆಗೆ ಎದುರಿಗೆ ಬಂದು ನಿಲ್ಲುವವಳು ಮಗನನ್ನು ಕಳೆದುಕೊಂಡ ಒಬ್ಬ ತಾಯಿ.

ಹೆಣ್ಣು ತಿರುಗಿ ನೋಡಿದಾಗ ಏನಾಗುತ್ತದೆ ಎಂಬುದನ್ನು ಬೇರೆಯೇ ಗುರುತು ಹಾಕಿ ದಾಖಲಿಸಿ. ಚಿತ್ರ ವಿದ್ವಾಂಸೆ ಲಿಂಡಾ ವಿಲಿಯಮ್ಸ್ 1984ರಲ್ಲಿ ಬರೆದ ಪ್ರಬಂಧದ ವಾದವೇ ಇದು: ಭಯಾನಕ ಚಿತ್ರದಲ್ಲಿ ಹೆಣ್ಣು ಕುತೂಹಲದಿಂದ ನೋಡಿದರೆ ಆ ನೋಟಕ್ಕೆ ಶಿಕ್ಷೆಯಾಗುತ್ತದೆ, ಅಷ್ಟೇ ಅಲ್ಲದೆ ಅವಳಿಗೂ ರಾಕ್ಷಸನಿಗೂ ನಡುವೆ ಒಂದು ವಿಚಿತ್ರ ನೆಂಟಸ್ತಿಕೆ ಇರುತ್ತದೆ, ಏಕೆಂದರೆ ಗಂಡಿನ ಕಣ್ಣಿಗೆ ಇಬ್ಬರೂ ಬೇರೆ ಬಗೆಯ ದೇಹಗಳೇ. ಈ ವಾದವನ್ನು ಕುರುಡಾಗಿ ಒಪ್ಪಬೇಕಿಲ್ಲ. ನಿಮ್ಮ ಚಿತ್ರದಲ್ಲಿ ಬಾಗಿಲು ತೆರೆದು ನೋಡಿದವಳಿಗೆ ಏನಾಯಿತು, ಅದೇ ಬಾಗಿಲನ್ನು ತೆರೆದು ನೋಡಿದ ಗಂಡಸಿಗೆ ಏನಾಯಿತು ಎಂದು ಹೋಲಿಸಿ ಪರೀಕ್ಷಿಸಿ.

ಒಂದೇ ದೃಶ್ಯದೊಳಗೆ ನೋಟ ಬದಲಾಗುವ ಜಾಗಗಳು ಬಲು ಬೆಲೆಯುಳ್ಳವು. 1976ರ ‘ಕ್ಯಾರಿ’ ಚಿತ್ರದ ಆರಂಭದಲ್ಲಿ ಶಾಲೆಯ ಹುಡುಗಿಯರ ಸ್ನಾನದ ಕೋಣೆಯನ್ನು ಕ್ಯಾಮೆರಾ ನಿಧಾನಗತಿಯಲ್ಲಿ, ಮೃದು ಸಂಗೀತದ ಜೊತೆಗೆ, ಸವಿಯುವಂತೆ ತೋರಿಸುತ್ತದೆ. ಆಗ ಕ್ಯಾರಿಗೆ ಮೊದಲ ಮುಟ್ಟಿನ ರಕ್ತ ಕಾಣಿಸಿಕೊಳ್ಳುತ್ತದೆ. ಅದೇನೆಂದು ಯಾರೂ ಹೇಳಿಕೊಡದ ಹುಡುಗಿ ತಾನು ಸಾಯುತ್ತಿದ್ದೇನೆಂದು ಕಂಗಾಲಾಗುತ್ತಾಳೆ. ಸವಿಯುತ್ತಿದ್ದ ಕಣ್ಣಿಗೆ ಇದು ತಪರಾಕಿಯೇ, ಅಥವಾ ಸವಿದು ಮುಗಿಸಿದ ಮೇಲೆ ಹೇಳಿದ ನೆಪವೇ? ನಾನು ಮೊದಲನೆಯದನ್ನು ನಂಬುತ್ತೇನೆ, ಆದರೆ ಎರಡನೆಯದನ್ನು ಸಾಧಿಸಲೂ ಅದೇ ದೃಶ್ಯದಲ್ಲಿ ಆಧಾರಗಳಿವೆ. ಎರಡೂ ಕಡೆ ವಾದಿಸಬಹುದಾದ ಇಂಥ ದೃಶ್ಯ ಸಿಕ್ಕರೆ ಬರಹದ ನಡುವಿನ ಭಾಗವನ್ನು ಅದಕ್ಕೇ ಮೀಸಲಿಡಿ.

ಸಾವುಗಳ ಲೆಕ್ಕ

ಎಷ್ಟು ಗಂಡಸರು ಸತ್ತರು, ಎಷ್ಟು ಹೆಂಗಸರು ಸತ್ತರು ಎಂಬ ಎಣಿಕೆಯಿಂದ ಹೆಚ್ಚು ತಿಳಿಯುವುದಿಲ್ಲ. ಅನೇಕ ಚಿತ್ರಗಳಲ್ಲಿ ಎರಡೂ ಸಂಖ್ಯೆ ಸಮನಾಗಿಯೇ ಇರಬಹುದು. ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರ ಪ್ರಬಂಧದಲ್ಲಿ ಸ್ಲ್ಯಾಶರ್ ಚಿತ್ರಗಳನ್ನು, ಅಂದರೆ ಒಬ್ಬ ಕೊಲೆಗಾರ ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾ ಹೋಗುವ ಚಿತ್ರಗಳನ್ನು, ಪರಿಶೀಲಿಸಿ ಗುರುತಿಸಿದ್ದು ಸಂಖ್ಯೆಯನ್ನಲ್ಲ, ಅವಧಿಯನ್ನು. ಗಂಡಸಿನ ಸಾವು ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ದೂರದಿಂದ ಅಥವಾ ಮರೆಯಲ್ಲಿ ನಡೆಯುತ್ತದೆ. ಹೆಣ್ಣಿನ ಸಾವನ್ನು ಹತ್ತಿರದಿಂದ, ವಿವರವಾಗಿ, ಎಳೆದು ತೋರಿಸಲಾಗುತ್ತದೆ. ಇದನ್ನು ನೀವೇ ಅಳೆಯಬಹುದು. ಪ್ರತಿ ಸಾವಿಗೂ ಮೂರು ಸಮಯಗಳನ್ನು ಬರೆದುಕೊಳ್ಳಿ: ಅಪಾಯವಿದೆ ಎಂದು ಆ ಪಾತ್ರಕ್ಕೆ ಅರಿವಾದ ಕ್ಷಣ, ಸತ್ತ ಕ್ಷಣ, ಕ್ಯಾಮೆರಾ ಆ ದೇಹವನ್ನು ಬಿಟ್ಟು ಬೇರೆಡೆಗೆ ತಿರುಗಿದ ಕ್ಷಣ. ಮೊದಲ ಎರಡರ ನಡುವಿನ ಅಂತರ ಭಯದ ಅವಧಿ, ಕೊನೆಯ ಎರಡರ ನಡುವಿನದು ಶವದ ಮೇಲೆ ನೋಟ ನಿಂತ ಅವಧಿ. ಗಂಡು ಹೆಣ್ಣುಗಳಿಗೆ ಈ ಎರಡು ಅವಧಿಗಳು ಎಷ್ಟು ಬೇರೆಯಾಗಿವೆ ಎಂಬುದನ್ನು ಅಕ್ಕಪಕ್ಕ ಬರೆದಿಟ್ಟರೆ, ಅದಕ್ಕಿಂತ ಗಟ್ಟಿಯಾದ ಪುರಾವೆ ಬೇಕಾಗುವುದಿಲ್ಲ.

1960ರ ‘ಸೈಕೋ’ ಚಿತ್ರದ ಸ್ನಾನದ ಕೋಣೆಯ ಕೊಲೆ ಪರದೆಯ ಮೇಲೆ ಒಂದು ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ. ಅದರ ಚಿತ್ರೀಕರಣಕ್ಕೆ ಹಿಡಿದದ್ದು ಏಳು ದಿನ. ಅದಕ್ಕಿಂತಲೂ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಅಲ್ಲಿ ಕೊಲೆಯಾಗುವ ನಾಯಕಿ ಮರಿಯನ್ ಸಾಯುವುದು ಚಿತ್ರ ಅರ್ಧಕ್ಕೂ ತಲುಪದಿರುವಾಗ. ಅಲ್ಲಿಯವರೆಗೆ ನಾವು ಅವಳ ಕಣ್ಣಿನಿಂದ ಲೋಕವನ್ನು ನೋಡಿದ್ದೇವೆ, ಅವಳ ಕಳ್ಳತನದಲ್ಲಿ ಪಾಲುದಾರರಾಗಿದ್ದೇವೆ, ಅವಳು ಹಣವನ್ನು ಹಿಂತಿರುಗಿಸಲು ನಿರ್ಧರಿಸಿದ್ದನ್ನೂ ಕಂಡಿದ್ದೇವೆ. ನೋಡುವ ಕಣ್ಣನ್ನೇ ಕೊಂದ ಮೇಲೆ ಚಿತ್ರ ಆ ಕಣ್ಣನ್ನು ಯಾರಿಗೆ ಕೊಡುತ್ತದೆ? ಕೊಲೆಯ ನಂತರ ನೆಲ ಒರೆಸುವ ತರುಣನಿಗೆ. ಅವನು ಅವಳ ಶವವನ್ನಿಟ್ಟು ನೂಕಿದ ಕಾರು ಜೌಗಿನಲ್ಲಿ ಮುಳುಗುತ್ತಾ ಅರೆಕ್ಷಣ ನಿಂತಾಗ, ಅದು ಮುಳುಗಿಬಿಡಲಿ ಎಂದು ಪ್ರೇಕ್ಷಕರೂ ಬಯಸುತ್ತಾರೆ. ಕೊಲೆಯ ದೃಶ್ಯಕ್ಕಿಂತ ಈ ಹಸ್ತಾಂತರ ನನ್ನನ್ನು ಹೆಚ್ಚು ಕಾಡಿದೆ.

ಸಾವಿಗೂ ಮುಂಚೆ ಆ ಹುಡುಗಿ ಏನು ಮಾಡುತ್ತಿದ್ದಳು ಎಂಬುದನ್ನೂ ಬರೆದುಕೊಳ್ಳಿ. ಪ್ರಣಯದಲ್ಲಿ ತೊಡಗಿದವರು ಸಾಯುತ್ತಾರೆ, ಸಂಯಮಿ ಉಳಿಯುತ್ತಾಳೆ ಎಂಬ ರೂಢಿ ಎಷ್ಟು ಪ್ರಸಿದ್ಧವೆಂದರೆ 1996ರ ‘ಸ್ಕ್ರೀಮ್’ ಚಿತ್ರದ ಪಾತ್ರವೊಂದು ಅದನ್ನು ನಿಯಮವೆಂದೇ ಉಳಿದವರಿಗೆ ವಿವರಿಸುತ್ತದೆ. ‘ಹ್ಯಾಲೋವೀನ್’ ನಿರ್ದೇಶಕ ಜಾನ್ ಕಾರ್ಪೆಂಟರ್ ಮಾತ್ರ ತಾವು ಅಂಥ ಶಿಕ್ಷೆಯನ್ನು ಉದ್ದೇಶಿಸಿರಲಿಲ್ಲ ಎಂದಿದ್ದಾರೆ. ಅವರ ಪ್ರಕಾರ ಗೆಳತಿಯರು ಬೇರೆ ಧ್ಯಾನದಲ್ಲಿದ್ದರು, ನಾಯಕಿ ಲಾರಿ ಎಚ್ಚರದಿಂದಿದ್ದಳು. ನಿರ್ದೇಶಕರ ಉದ್ದೇಶ ಮುಖ್ಯವೇ ಆದರೂ ಅದೇ ಕೊನೆಯ ಮಾತಾಗಲಾರದು. ಆ ಚಿತ್ರವನ್ನು ನಕಲು ಮಾಡಿದವರು ಎತ್ತಿಕೊಂಡದ್ದು ಶಿಕ್ಷೆಯ ಸೂತ್ರವನ್ನು, ಮುಂದಿನ ವರ್ಷಗಳಲ್ಲಿ ರೂಢಿಯಾಗಿ ಉಳಿದದ್ದೂ ಅದೇ.

ಕೊನೆಗೆ ಉಳಿಯುವವಳು

ಎಲ್ಲರೂ ಸತ್ತ ಮೇಲೆ ಕೊಲೆಗಾರನನ್ನು ಎದುರಿಸಿ ಉಳಿಯುವ ಹುಡುಗಿಗೆ ‘ಫೈನಲ್ ಗರ್ಲ್’ ಎಂಬ ಹೆಸರು ಕೊಟ್ಟವರೂ ಕ್ಲೋವರ್. ಅವರ ವಾದದ ಅಚ್ಚರಿಯ ಭಾಗವೆಂದರೆ, ಬಹುಪಾಲು ತರುಣರೇ ತುಂಬಿದ್ದ ಪ್ರೇಕ್ಷಕರು ಚಿತ್ರದ ಆರಂಭದಲ್ಲಿ ಕೊಲೆಗಾರನ ಕಣ್ಣಿನಲ್ಲಿದ್ದು, ಕೊನೆಯ ಹೊತ್ತಿಗೆ ಈ ಹುಡುಗಿಯ ಕಡೆಗೆ ವಾಲಿ, ಅವಳ ಭಯವನ್ನು ತಮ್ಮದಾಗಿಸಿಕೊಳ್ಳುತ್ತಾರೆ ಎಂಬುದು. ಇದನ್ನು ಹೆಣ್ಣಿನ ವಿಜಯವೆಂದು ಕ್ಲೋವರ್ ಘೋಷಿಸಲಿಲ್ಲ. ಅವಳು ಗಂಡು ಪ್ರೇಕ್ಷಕರಿಗೆ ಹಾಕಿಕೊಳ್ಳಲು ಅನುಕೂಲವಾದ ವೇಷವೂ ಆಗಿರಬಹುದೆಂದು ಎಚ್ಚರಿಸಿದರು. ಆ ಎಚ್ಚರಿಕೆಯನ್ನು ಬಿಟ್ಟು ಹೆಸರನ್ನು ಮಾತ್ರ ಉಲ್ಲೇಖಿಸುವ ಬರಹಗಳು ತುಂಬಾ ಇವೆ.

ನಿಮ್ಮ ಚಿತ್ರದಲ್ಲಿ ಅಂಥವಳಿದ್ದರೆ, ಕೊಲೆಗಾರನ ಕಥೆಯನ್ನು ಮುಗಿಸುವವರು ಯಾರು ಎಂದು ಮೊದಲು ನೋಡಿ. 1974ರ ‘ಟೆಕ್ಸಾಸ್ ಚೈನ್ ಸಾ ಮಸಾಕರ್’ ಚಿತ್ರದ ಸ್ಯಾಲಿ ದಾರಿಹೋಕರ ವಾಹನ ಹತ್ತಿ ಪಾರಾಗುತ್ತಾಳೆ. ಲಾರಿ ಸೂಜಿಯಿಂದ, ಹ್ಯಾಂಗರಿನ ತಂತಿಯಿಂದ, ಚಾಕುವಿನಿಂದ ಹೋರಾಡಿದರೂ ಕೊನೆಗೆ ಗುಂಡು ಹಾರಿಸುವವರು ಕೊಲೆಗಾರನನ್ನು ಹುಡುಕಿ ಬಂದ ಅವನ ವೈದ್ಯ ಡಾಕ್ಟರ್ ಲೂಮಿಸ್. 1979ರ ‘ಏಲಿಯನ್’ ಚಿತ್ರದ ರಿಪ್ಲಿ ಮಾತ್ರ ಯಾರ ನೆರವೂ ಇಲ್ಲದೆ ಅನ್ಯಗ್ರಹದ ಪ್ರಾಣಿಯನ್ನು ಬಾಹ್ಯಾಕಾಶ ನೌಕೆಯ ಹೊರಗೆ ಎಸೆಯುತ್ತಾಳೆ. ಆ ಚಿತ್ರಕಥೆಯಲ್ಲಿ, ಸಿಬ್ಬಂದಿಯ ಪಾತ್ರಗಳನ್ನು ಗಂಡಸರೂ ಹೆಂಗಸರೂ ಮಾಡಬಹುದು ಎಂಬ ಟಿಪ್ಪಣಿಯೇ ಇತ್ತು. ಆದರೂ ಕೊನೆಯ ಹೋರಾಟಕ್ಕೆ ಮುಂಚೆ ಅವಳು ಒಳಉಡುಪಿನಲ್ಲಿ ನಿಂತ ಶಾಟ್‌ಗಳು ಚಿತ್ರದಲ್ಲಿವೆ. ಈ ಎರಡು ಸಂಗತಿಗಳಲ್ಲಿ ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಬೇಡಿ.

ಅವಳ ಮಾತನ್ನು ಯಾವಾಗ ನಂಬಲಾಯಿತು

ಈ ವಿಷಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಭಾವನೆ. ಭಯಾನಕ ಚಿತ್ರಗಳಲ್ಲಿ ಹೆಣ್ಣಿನ ಪಾತ್ರದ ತಿರುಳು ಹಲವು ಸಲ ಕಿರುಚಾಟದಲ್ಲಿಯೂ ಇಲ್ಲ, ಹೋರಾಟದಲ್ಲಿಯೂ ಇಲ್ಲ. ಅವಳು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳದ ಆ ನಡುವಿನ ಗಂಟೆಯಲ್ಲಿದೆ. ಲಾರಿ ತರಗತಿಯ ಕಿಟಕಿಯಿಂದ, ಬೇಲಿಯ ಪಕ್ಕದಲ್ಲಿ, ಬಟ್ಟೆ ಒಣಹಾಕಿದ ಹಗ್ಗದ ನಡುವೆ ಹಾಡಹಗಲೇ ಆ ಆಕೃತಿಯನ್ನು ಕಾಣುತ್ತಾಳೆ; ಗೆಳತಿ ನಕ್ಕು ತಳ್ಳಿಹಾಕುತ್ತಾಳೆ. ಗಾಯಗೊಂಡವನನ್ನು ಒಳಗೆ ತಂದರೆ ಸೋಂಕು ತಗಲಬಹುದು, ನಿಯಮದಂತೆ ಪ್ರತ್ಯೇಕವಾಗಿಡಬೇಕು ಎಂದು ರಿಪ್ಲಿ ಬಾಗಿಲು ತೆರೆಯಲು ಒಪ್ಪುವುದಿಲ್ಲ. ಸಹೋದ್ಯೋಗಿಯೊಬ್ಬ ಅವಳನ್ನು ಮೀರಿ ಬಾಗಿಲು ತೆರೆಯುತ್ತಾನೆ. 1968ರ ‘ರೋಸ್‌ಮೇರೀಸ್ ಬೇಬಿ’ ಚಿತ್ರದ ಬಸುರಿ ತನ್ನ ಸುತ್ತಲಿನ ಸಂಚನ್ನು ಪೂರ್ತಿ ಬಿಡಿಸಿಕೊಂಡು ಬೇರೊಬ್ಬ ವೈದ್ಯರ ಮುಂದೆ ಇಡುತ್ತಾಳೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, ಅವಳನ್ನು ಮಲಗಿಸಿ, ಅವಳು ಯಾರಿಂದ ತಪ್ಪಿಸಿಕೊಂಡು ಬಂದಿದ್ದಳೋ ಅವರನ್ನೇ ಕರೆಸುತ್ತಾರೆ. ಆ ದೃಶ್ಯದಲ್ಲಿ ರಕ್ತವಿಲ್ಲ, ರಾಕ್ಷಸನಿಲ್ಲ. ಅಷ್ಟು ಭಯಂಕರವಾದ ದೃಶ್ಯವನ್ನು ನಾನು ಹೆಚ್ಚು ಕಂಡಿಲ್ಲ.

ಇದನ್ನು ಅಳೆಯುವ ಕ್ರಮ ಹೀಗಿದೆ. ಅವಳು ಅಪಾಯವನ್ನು ಮೊದಲು ಗಮನಿಸಿದ ನಿಮಿಷ, ಅದನ್ನು ಬಾಯಿಬಿಟ್ಟು ಹೇಳಿದ ನಿಮಿಷ, ಮೊದಲ ಬಾರಿಗೆ ಒಬ್ಬರು ಅದನ್ನು ನಂಬಿದ ನಿಮಿಷ, ಈ ಮೂರನ್ನೂ ಗುರುತಿಸಿ. ನಂಬಲು ಏನು ಬೇಕಾಯಿತು ಎಂದೂ ಬರೆಯಿರಿ: ಅವಳ ಮಾತೇ ಸಾಕಾಯಿತೇ, ಒಂದು ಹೆಣವೇ ಬೀಳಬೇಕಾಯಿತೇ? ನಂಬಿದವರು ನಂಬಿದ ಮೇಲೆ ಎಷ್ಟು ಹೊತ್ತು ಬದುಕಿದ್ದರು ಎಂಬುದನ್ನೂ ಎಣಿಸಿ. ಅವಳನ್ನು ನಂಬಿದವರನ್ನು ತಕ್ಷಣವೇ ಕೊಂದು ಅವಳನ್ನು ಮತ್ತೆ ಒಂಟಿಯಾಗಿಸುವ ಚಿತ್ರಗಳು ಸಾಕಷ್ಟಿವೆ. ಆಮೇಲೆ, ಅವಳ ಮಾತನ್ನು ತಳ್ಳಿಹಾಕಲು ಬಳಸಿದ ಪದಗಳನ್ನು ಅಕ್ಷರಶಃ ಬರೆದುಕೊಳ್ಳಿ. ನಿದ್ದೆ ಸಾಲದು, ದಣಿದಿದ್ದೀಯ, ಬಸುರಿಗೆ ಇವೆಲ್ಲ ಸಹಜ, ದುಃಖದಲ್ಲಿ ಹೀಗನ್ನಿಸುತ್ತದೆ, ಮಾತ್ರೆ ತೆಗೆದುಕೊಂಡೆಯಾ ಎಂಬ ಮಾತುಗಳು ಸಾಲುಗಟ್ಟಿದಾಗ, ಅವು ಚಿತ್ರದ ಹೊರಗೂ ಕೇಳಿಬರುವ ಮಾತುಗಳೇ ಎಂಬುದು ತಾನಾಗಿ ಹೊಳೆಯುತ್ತದೆ. ಹೆಂಡತಿಗೆ ತನ್ನ ಬುದ್ಧಿಯ ಮೇಲೆಯೇ ಅನುಮಾನ ಹುಟ್ಟಿಸುವ ಗಂಡನ ಕಥೆಯಿದ್ದ 1938ರ ಒಂದು ಇಂಗ್ಲಿಷ್ ನಾಟಕದ ಹೆಸರಿನಿಂದಲೇ ‘ಗ್ಯಾಸ್‌ಲೈಟಿಂಗ್’ ಎಂಬ ಪದ ಹುಟ್ಟಿತು. ರಂಗದ ಮೇಲಿನ ಭಯ ಮನೆಯೊಳಗಿನ ಅನುಭವಕ್ಕೆ ಹೆಸರು ಕೊಟ್ಟ ಅಪರೂಪದ ಉದಾಹರಣೆ ಇದು.

ಇಷ್ಟೆಲ್ಲದರ ನಡುವೆ ಒಂದು ಸೂಕ್ಷ್ಮ ವ್ಯತ್ಯಾಸವನ್ನು ಗಮನಿಸಬೇಕು. ಅವಳು ಹೇಳುವ ಮೊದಲೇ ಪ್ರೇಕ್ಷಕರಿಗೆ ರಾಕ್ಷಸನನ್ನು ತೋರಿಸಿದ್ದರೆ, ನಾವು ಅವಳ ಸಾಕ್ಷಿಗಳಾಗುತ್ತೇವೆ ಮತ್ತು ನಂಬದವರ ಮೇಲೆ ನಮಗೆ ಸಿಟ್ಟು ಬರುತ್ತದೆ. ತೋರಿಸದೇ ಇದ್ದರೆ, ಅವಳನ್ನು ಅನುಮಾನಿಸುವ ವೈದ್ಯರ, ಗಂಡನ, ಪೊಲೀಸರ ಸಾಲಿನಲ್ಲಿ ಚಿತ್ರ ನಮ್ಮನ್ನೂ ಕೂರಿಸುತ್ತದೆ. ಎರಡನೆಯದು ಕೆಟ್ಟದ್ದೆಂದೇನಿಲ್ಲ, ಕೊನೆಗೆ ಅವಳೇ ಸರಿ ಎಂದು ತಿಳಿದಾಗ ನಾವು ಅನುಮಾನಿಸಿದ್ದಕ್ಕೆ ನಮಗೇ ನಾಚಿಕೆಯಾಗುವಂತೆ ಮಾಡುವ ಶಕ್ತಿ ಅದಕ್ಕಿದೆ. ಆದರೆ ಅವಳ ಭ್ರಮೆಯೇ ಎಲ್ಲಕ್ಕೂ ಕಾರಣ ಎಂದು ಚಿತ್ರ ಮುಗಿದರೆ, ಅವಳನ್ನು ನಂಬದವರೆಲ್ಲರನ್ನೂ ಚಿತ್ರ ಸಮರ್ಥಿಸಿದಂತಾಗುತ್ತದೆ. ನಿಮ್ಮ ಚಿತ್ರ ಇವುಗಳಲ್ಲಿ ಯಾವುದನ್ನು ಮಾಡಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಬಂದರೆ, ಬರಹದ ಅರ್ಧ ಕೆಲಸ ಮುಗಿದಂತೆ.

ಹೆಣ್ಣೇ ಭಯವಾದಾಗ

ಚಿತ್ರ ವಿದ್ವಾಂಸೆ ಬಾರ್ಬರಾ ಕ್ರೀಡ್ 1993ರ ತಮ್ಮ ಪುಸ್ತಕದಲ್ಲಿ, ವಿಮರ್ಶಕರು ಹೆಣ್ಣನ್ನು ಬಲಿಪಶುವಾಗಿ ಮಾತ್ರ ಕಾಣುತ್ತಾ ಬಂದಿದ್ದಾರೆ, ಆದರೆ ಈ ಚಿತ್ರಗಳಲ್ಲಿ ಅವಳು ಭಯದ ಮೂಲವಾಗಿಯೂ ಬರುತ್ತಾಳೆ ಎಂದು ವಾದಿಸಿದರು. ಮಾಟಗಾತಿ, ರಕ್ತಪಿಶಾಚಿ, ಮೈಮೇಲೆ ದೆವ್ವ ಬಂದ ಹುಡುಗಿ, ಕಬಳಿಸುವ ತಾಯಿ ಮುಂತಾದ ರೂಪಗಳನ್ನು ಬೆಸೆಯುವ ಎಳೆ, ಹೆರುವ ಮತ್ತು ಮುಟ್ಟಾಗುವ ದೇಹದ ಬಗ್ಗೆ ಇರುವ ಅಂಜಿಕೆ ಮತ್ತು ಹೇಸಿಗೆ ಎಂಬುದು ಅವರ ವಿವರಣೆ.

ಈ ರೂಢಿ ಸಿನಿಮಾಕ್ಕಿಂತ ಹಳೆಯದು. 1825ರಲ್ಲಿ ಜಪಾನಿನ ಕಬುಕಿ ರಂಗಭೂಮಿಯಲ್ಲಿ ಪ್ರದರ್ಶನಗೊಂಡ ‘ಯೋತ್ಸುಯಾ ಕೈದಾನ್’ ನಾಟಕದ ಓಇವಾ, ವಿಷದಿಂದ ಮುಖ ವಿಕಾರಗೊಂಡು, ಗಂಡನ ದ್ರೋಹಕ್ಕೆ ಬಲಿಯಾಗಿ, ಸತ್ತ ಮೇಲೆ ಅವನನ್ನು ಬೆನ್ನಟ್ಟುತ್ತಾಳೆ. ಉದ್ದ ಕಪ್ಪು ಕೂದಲಿನ, ಬಿಳಿ ಬಟ್ಟೆಯ ಆ ಪರಂಪರೆಯ ಹೆಣ್ಣು ದೆವ್ವವೇ 1998ರ ‘ರಿಂಗು’ ಚಿತ್ರದಲ್ಲಿ ಟಿವಿ ಪರದೆಯಿಂದ ತೆವಳಿ ಹೊರಬಂದದ್ದು. ಜೀವಂತವಿದ್ದಾಗ ಯಾವ ನ್ಯಾಯವೂ ಸಿಗದವಳಿಗೆ ಸತ್ತ ಮೇಲೆ ಮಾತ್ರ ಶಕ್ತಿ ಬರುತ್ತದೆ. ಅಂಥ ಚಿತ್ರವನ್ನು ನೋಡುವಾಗ ಅವಳ ಹಿಂದಿನ ಕಥೆಯನ್ನು ಯಾರ ಬಾಯಿಂದ ಕೇಳುತ್ತೇವೆ ಎಂದು ಗುರುತಿಸಿ. ಅವಳೇ ಹೇಳುತ್ತಾಳೆಯೇ, ಅಥವಾ ತನಿಖೆಗೆ ಹೊರಟ ಬೇರೊಬ್ಬರು ಹಳೆಯ ಕಡತಗಳಿಂದ ಜೋಡಿಸುತ್ತಾರೆಯೇ? ಅವಳ ಪ್ರತೀಕಾರ ತಪ್ಪಿತಸ್ಥನ ಮೇಲೆ ತಿರುಗುತ್ತದೆಯೇ, ಏನೂ ಅರಿಯದ ಇನ್ನೊಬ್ಬ ಹೆಣ್ಣಿನ ಮೇಲೆಯೇ?

ಮೈಮೇಲೆ ದೆವ್ವ ಬರುವ ಚಿತ್ರಗಳಲ್ಲಿ ಇನ್ನೊಂದು ಬಗೆಯ ಹಂಚಿಕೆ ಇರುತ್ತದೆ. ಕ್ಲೋವರ್ 1992ರ ಪುಸ್ತಕದಲ್ಲಿ ತೋರಿಸಿದಂತೆ, ಮೇಲುನೋಟಕ್ಕೆ ಹೆಣ್ಣಿನ ಕಥೆಯಾಗಿರುವ ಇಂಥ ಚಿತ್ರ ಒಳಗಿನಿಂದ ಒಬ್ಬ ಗಂಡಿನ ಬಿಕ್ಕಟ್ಟಿನ ಕಥೆಯಾಗಿರುತ್ತದೆ. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದಲ್ಲಿ ನರಳುವ ದೇಹ ಹನ್ನೆರಡು ವರ್ಷದ ಹುಡುಗಿಯದು, ಪರೀಕ್ಷೆಗೆ ಒಳಗಾಗುವ ಶ್ರದ್ಧೆ ಪಾದ್ರಿಯದು. ಚಿತ್ರ ಮುಗಿಯುವಾಗ ಹುಡುಗಿಗೆ ಏನೂ ನೆನಪಿರುವುದಿಲ್ಲ. ನಿಮ್ಮ ಚಿತ್ರದಲ್ಲಿ ದೇಹ ಯಾರದು, ಕಥೆ ಯಾರದು ಎಂದು ಬೇರೆ ಬೇರೆಯಾಗಿ ಕೇಳಿ.

ಪರದೆಯ ಹೊರಗೆ

ಚಿತ್ರ ಬಂದ ವರ್ಷ, ಆಗಿನ ಸೆನ್ಸಾರ್ ನಿಯಮ, ಬಂಡವಾಳ, ಹೆಸರುಗಳ ಪಟ್ಟಿ ಇಷ್ಟನ್ನು ನೋಡಿಕೊಂಡರೆ ಸಾಕು. ಅಮೆರಿಕದಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದ್ದ, ಚಿತ್ರದಲ್ಲಿ ಏನನ್ನು ತೋರಿಸಬಾರದೆಂದು ವಿಧಿಸುತ್ತಿದ್ದ ನಿರ್ಮಾಣ ಸಂಹಿತೆಯ ಜಾಗಕ್ಕೆ 1968ರಲ್ಲಿ ವಯೋಮಾನದ ವರ್ಗೀಕರಣ ಬಂದ ಮೇಲೆ ರಕ್ತವನ್ನೂ ನಗ್ನತೆಯನ್ನೂ ತೋರಿಸುವುದು ಸುಲಭವಾಯಿತು. ಕೆಲವೇ ಲಕ್ಷ ಡಾಲರುಗಳಲ್ಲಿ ತಯಾರಾದ ‘ಹ್ಯಾಲೋವೀನ್’ ಕೋಟಿಗಟ್ಟಲೆ ಗಳಿಸಿದ್ದನ್ನು ಕಂಡ ನಿರ್ಮಾಪಕರು ಅದೇ ಅಚ್ಚಿನಲ್ಲಿ ಚಿತ್ರಗಳನ್ನು ಎರೆಯತೊಡಗಿದರು. ಎಲ್ಲ ರೂಢಿಯ ಹಿಂದೆಯೂ ಮನೋವಿಜ್ಞಾನವನ್ನೇ ಹುಡುಕಬೇಕಿಲ್ಲ, ಕೆಲವಕ್ಕೆ ಗಲ್ಲಾಪೆಟ್ಟಿಗೆಯೇ ಕಾರಣ.

ಹೆಸರುಗಳ ಪಟ್ಟಿಯನ್ನು ನೋಡುವಾಗಲೂ ಅವಸರದ ತೀರ್ಮಾನ ಬೇಡ. ‘ಹ್ಯಾಲೋವೀನ್’ ಚಿತ್ರಕಥೆಯನ್ನು ಕಾರ್ಪೆಂಟರ್ ಜೊತೆ ಬರೆದವರೂ ನಿರ್ಮಿಸಿದವರೂ ಡೆಬ್ರಾ ಹಿಲ್ ಎಂಬ ಮಹಿಳೆ. ಆರಂಭದ ಆ ದೃಶ್ಯದಲ್ಲಿ ಚಾಕು ಹಿಡಿದ ಕೈ ಕೂಡ ಅವರದೇ. ಹೆಣ್ಣೊಬ್ಬಳು ಬರೆದಳು ಎಂಬುದರಿಂದ ಚಿತ್ರದ ನೋಟ ತಾನಾಗಿ ಹೆಣ್ಣಿನದಾಗುವುದಿಲ್ಲ. ಹಾಗೆಂದು ಅವರ ಪಾಲನ್ನು ಮರೆತು ಆ ಚಿತ್ರವನ್ನು ಗಂಡಸರ ಕಲ್ಪನೆ ಎಂದಷ್ಟೇ ಬರೆಯುವುದು ಸುಳ್ಳಾಗುತ್ತದೆ.

ಬರೆಯುವಾಗ

ಟಿಪ್ಪಣಿಗಳೆಲ್ಲ ಕೈಯಲ್ಲಿರುವಾಗ ಮೊದಲು ಒಂದು ವಾದದ ವಾಕ್ಯವನ್ನು ಕಟ್ಟಿ. ‘ಈ ಚಿತ್ರ ಹೆಣ್ಣನ್ನು ಕೀಳಾಗಿ ತೋರಿಸುತ್ತದೆ’ ಎಂಬ ವಾಕ್ಯದಿಂದ ಮುಂದೆ ಹೋಗಲು ದಾರಿಯಿಲ್ಲ. ‘ಮೊದಲ ಐವತ್ತು ನಿಮಿಷ ನಾಯಕಿಯನ್ನು ಕದ್ದು ನೋಡುವ ಈ ಚಿತ್ರ, ಅವಳ ಮಾತನ್ನು ತಂಗಿ ನಂಬಿದ ಕ್ಷಣದಿಂದ ಅವಳ ಕಣ್ಣಿನಿಂದಲೇ ನೋಡತೊಡಗುತ್ತದೆ’ ಎಂಬ ವಾಕ್ಯಕ್ಕೆ ಪುರಾವೆ ಕೊಡಬಹುದು, ಅದನ್ನು ಯಾರಾದರೂ ಅಲ್ಲಗಳೆಯಲೂಬಹುದು. ಅಲ್ಲಗಳೆಯಲು ಸಾಧ್ಯವಿರುವ ವಾದವನ್ನೇ ಆರಿಸಿಕೊಳ್ಳಿ.

ಸಿದ್ಧ ಅಳತೆಗೋಲುಗಳನ್ನು ಎಚ್ಚರದಿಂದ ಬಳಸಿ. ಚಿತ್ರದಲ್ಲಿ ಕನಿಷ್ಠ ಇಬ್ಬರು ಹೆಂಗಸರಿದ್ದು, ಅವರು ಪರಸ್ಪರ ಮಾತಾಡಿ, ಆ ಮಾತು ಗಂಡಸಿನ ಬಗ್ಗೆಯಲ್ಲದೆ ಬೇರೆ ವಿಷಯದ ಬಗ್ಗೆ ಇರಬೇಕು ಎಂಬ ಬೆಕ್ಡೆಲ್ ಪರೀಕ್ಷೆ 1985ರ ಒಂದು ವ್ಯಂಗ್ಯಚಿತ್ರ ಸರಣಿಯಿಂದ ಬಂದದ್ದು. ಆ ಕಂತಿನಲ್ಲಿ, ಈ ಪರೀಕ್ಷೆಯಲ್ಲಿ ಗೆದ್ದ ಚಿತ್ರವೆಂದು ಹೆಸರಿಸಿರುವುದು ‘ಏಲಿಯನ್’ ಅನ್ನು, ಅದರಲ್ಲಿ ಇಬ್ಬರು ಹೆಂಗಸರು ರಾಕ್ಷಸ ಪ್ರಾಣಿಯ ಬಗ್ಗೆ ಮಾತಾಡುತ್ತಾರೆ ಎಂಬ ಕಾರಣಕ್ಕೆ. ಹುಡುಗಿಯರ ಗುಂಪೇ ಇರುವ ಸ್ಲ್ಯಾಶರ್ ಚಿತ್ರಗಳು ಇದನ್ನು ಸುಲಭವಾಗಿ ದಾಟುತ್ತವೆ, ಆಮೇಲೆ ಆ ಹುಡುಗಿಯರನ್ನೆಲ್ಲ ಕೊಲ್ಲುತ್ತವೆ.

‘ಹೆಣ್ಣು’ ಎಂಬ ಒಂದೇ ಪದದ ಕೆಳಗೆ ಎಲ್ಲರನ್ನೂ ತುಂಬಬೇಡಿ. ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ 1992ರಲ್ಲಿ ಬರೆದ ಪ್ರಬಂಧದಲ್ಲಿ, ಪುರುಷ ನೋಟದ ಚರ್ಚೆ ಕಪ್ಪು ಮಹಿಳೆಯರನ್ನು ಪ್ರೇಕ್ಷಕರಾಗಿ ಪರಿಗಣಿಸಿಯೇ ಇಲ್ಲ ಎಂದು ಆಕ್ಷೇಪಿಸಿ, ಅವರು ಪರದೆಯನ್ನು ಪ್ರತಿರೋಧದಿಂದ ನೋಡುವ ಬಗೆಯನ್ನು ವಿವರಿಸಿದರು. ನಿಮ್ಮ ಚಿತ್ರದಲ್ಲಿ ಮುದುಕಿ ಯಾವ ಪಾತ್ರದಲ್ಲಿದ್ದಾಳೆ, ಮನೆಗೆಲಸದವಳು ಎಷ್ಟನೆಯವಳಾಗಿ ಸಾಯುತ್ತಾಳೆ, ಅವಳ ಸಾವನ್ನು ಯಾರಾದರೂ ನೆನೆಯುತ್ತಾರೆಯೇ ಎಂದು ದಾಖಲೆಯಲ್ಲಿ ಒಂದು ಸಾಲು ಸೇರಿಸಿ.

ಕೊನೆಯದಾಗಿ, ಬರಹವನ್ನು ಮುಗಿಸಿದ ಮೇಲೆ ಮೊದಲ ವೀಕ್ಷಣೆಯ ಕಾಗದವನ್ನು ಹೊರತೆಗೆದು, ಯಾರಿಗಾಗಿ ಹೆದರಿದ್ದೆವು, ಯಾರ ಸಾವನ್ನು ಕಾದಿದ್ದೆವು ಎಂದು ಬರೆದಿಟ್ಟ ಸಾಲುಗಳನ್ನು ನಿಮ್ಮ ವಾದದ ಪಕ್ಕದಲ್ಲಿಟ್ಟು ಓದಿ. ಎರಡೂ ಹೊಂದದಿದ್ದರೆ ಆ ಸಾಲುಗಳನ್ನು ತಿದ್ದಬೇಡಿ. ಚಿತ್ರವನ್ನು ಇನ್ನೊಮ್ಮೆ ಹಾಕಿ, ಆ ನಿಮಿಷದಲ್ಲಿ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ನೋಡಿ.